ಹಳೇ ಎಸ್ಪ್ರೆಸೊ ಮೆಷಿನ್ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವುದು ಹೇಗೆ: ಕೊಡಗಿನ ಮಳೆ, ಕರೆಂಟು, ನೀರಿಗೆ ತಕ್ಕಂತೆ

ಕೊಡಗಿನಲ್ಲಿ ಬೆಳೆದ ಕಾಫಿಯ ಬಹುಪಾಲು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಬೀಜ) ಆಗಿಯೋ ಚೆರ್ರಿ (ಹಾಗೇ ಒಣಗಿಸಿದ ಹಣ್ಣು) ಆಗಿಯೋ ಮೂಟೆ ಸೇರಿ ಹೊರಟುಬಿಡುತ್ತದೆ. ಭಾರತದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಅಲ್ಲಿನ ಎಸ್ಪ್ರೆಸೊ (ಒತ್ತಡದಲ್ಲಿ ಬಿಸಿನೀರು ನೂಕಿ ಇಳಿಸುವ ಗಟ್ಟಿ ಕಾಫಿ) ಮಿಶ್ರಣಗಳಿಗೆ ನಮ್ಮ ರೋಬಸ್ಟಾ ಸೇರುತ್ತದೆ. ಅದೇ ಬೀಜವನ್ನು ಇಟಲಿಯ ಹಳೇ ಮೆಷಿನ್‌ನಲ್ಲಿ ನಮ್ಮ ಅಡುಗೆಮನೆಯಲ್ಲೇ ಇಳಿಸಿ ಕುಡಿಯಬಹುದು. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ. ಆದರೆ ಏನು ನೋಡಿ ಕೊಳ್ಳಬೇಕು, ತಂದ ಮೇಲೆ ಯಾವ ಕೆಲಸ ಮೊದಲು ಮಾಡಬೇಕು ಅನ್ನುವುದು ಗೊತ್ತಿರಬೇಕು.

ಹಳೇ ಮೆಷಿನ್ ಅಂದರೆ ಜನ ಮೊದಲು ಕೇಳುವುದು ಎಷ್ಟು ವರ್ಷದ್ದು ಅಂತ. ವರ್ಷ ಅಷ್ಟು ಮುಖ್ಯ ಅಲ್ಲ. ಬಿಚ್ಚಿ ಮತ್ತೆ ಜೋಡಿಸಲು ಬರುತ್ತದಾ, ಬಿಡಿಭಾಗ ಇನ್ನೂ ಸಿಗುತ್ತದಾ, ಇವೆರಡು ಮುಖ್ಯ. ಹಿತ್ತಾಳೆ, ತಾಮ್ರಕ್ಕೆ ಅರವತ್ತು ವರ್ಷ ಏನೂ ಅಲ್ಲ. ಹಾಳಾಗುವುದು ರಬ್ಬರ್, ವೈರ್ ಮತ್ತು ಹೀಟರ್. ಮೂರನ್ನೂ ಬದಲಾಯಿಸಬಹುದು. ಪಲ್ಪರ್, ಸ್ಪ್ರಿಂಕ್ಲರ್ ಪಂಪು, ಕಳೆ ಕೊಚ್ಚುವ ಮೆಷಿನ್ ಎಲ್ಲವನ್ನೂ ತೋಟದ ಶೆಡ್ಡಿನಲ್ಲೇ ಬಿಚ್ಚಿ ಸರಿಮಾಡಿಕೊಳ್ಳುವ ಜನ ನಾವು. ನಮಗೆ ಇದು ಕಷ್ಟದ ಕೆಲಸವೇ ಅಲ್ಲ.

ಯಾವ ಜಾತಿಯ ಮೆಷಿನ್?

ಮಾರುಕಟ್ಟೆಯಲ್ಲಿ ಸಿಗುವ ಹಳೇ ಮೆಷಿನ್‌ಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಹೋಟೆಲ್, ಕೆಫೆಗಳಲ್ಲಿ ಇದ್ದ ದೊಡ್ಡ ಮೆಷಿನ್. ಬೆಂಗಳೂರು, ಮೈಸೂರಿನಲ್ಲಿ ಕೆಫೆ ಮುಚ್ಚಿದಾಗ ಅಗ್ಗಕ್ಕೆ ಬರುತ್ತದೆ. ನೋಡಲು ಗಂಭೀರ. ಆದರೆ ತೂಕ ಐವತ್ತು ಕಿಲೋ ದಾಟುತ್ತದೆ, ಕರೆಂಟು ಮೂರು ಸಾವಿರ ವಾಟ್‌ಗೂ ಜಾಸ್ತಿ ಎಳೆಯುತ್ತದೆ, ನೀರಿನ ಪೈಪು ಬೇಕು, ಚರಂಡಿ ಪೈಪೂ ಬೇಕು. ಹೋಂಸ್ಟೇ ನಡೆಸುವವರಾದರೆ ಯೋಚಿಸಿ. ನಾಲ್ಕು ಜನರ ಮನೆಗೆ ಬೇಡ.

ಎರಡನೆಯದು ಪಂಪ್ ಇರುವ ಸಣ್ಣ ಮನೆ ಮೆಷಿನ್. 1991ರಲ್ಲಿ ಬಂದ ಗಾಜ್ಜಾ ಕ್ಲಾಸಿಕ್, 1997ರ ರಾಂಚಿಲಿಯೊ ಸಿಲ್ವಿಯಾ ಈ ಸಾಲಿನವು. ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತದೆ, ಕಲಿಯಲು ಸುಲಭ. ಎರಡರಲ್ಲೂ ಕಾಫಿ ಪುಡಿ ತುಂಬುವ ಜಾಲರಿ ಬುಟ್ಟಿ 58 ಮಿಲಿಮೀಟರ್. ಕೆಫೆ ಮೆಷಿನ್‌ನ ಅಳತೆಯೂ ಅದೇ ಆಗಿರುವುದರಿಂದ ಪುಡಿ ಅದುಮುವ ಟ್ಯಾಂಪರ್, ಬುಟ್ಟಿ ಎಲ್ಲ ಸುಲಭವಾಗಿ ಸಿಗುತ್ತವೆ.

ಮೂರನೆಯದು ಲಿವರ್ ಮೆಷಿನ್. ಪಂಪ್ ಇಲ್ಲ. ಬಾಯ್ಲರ್‌ನಲ್ಲಿ ನೀರು ಕಾಯುತ್ತದೆ, ನೀವು ಕೈಯಿಂದ ಹಿಡಿ ಒತ್ತಿದಾಗ ಪಿಸ್ಟನ್ ಇಳಿದು ನೀರನ್ನು ಕಾಫಿ ಪುಡಿಯೊಳಗೆ ನೂಕುತ್ತದೆ. ಮಿಲಾನ್‌ನ ಲಾ ಪವೋನಿ ಕಂಪನಿ 1961ರಲ್ಲಿ ತಂದ ಯೂರೋಪಿಕ್ಕೊಲಾ ಇದರಲ್ಲಿ ಹೆಚ್ಚು ಪ್ರಸಿದ್ಧ. 1974ರಲ್ಲಿ ಅದರ ದೊಡ್ಡಣ್ಣ ಪ್ರೊಫೆಷನಲ್ ಬಂತು. ಅದರಲ್ಲಿ ಒತ್ತಡ ತೋರಿಸುವ ಮೀಟರ್ ಇದೆ, ಬಾಯ್ಲರ್ 1.6 ಲೀಟರ್. ಯೂರೋಪಿಕ್ಕೊಲಾದ್ದು ಅದರ ಅರ್ಧ, 0.8 ಲೀಟರ್.

ಕೊಡಗಿನ ಮನೆಗೆ ನನ್ನ ಆಯ್ಕೆ ಲಿವರ್. ಚಂದ ಅನ್ನುವ ಕಾರಣಕ್ಕಲ್ಲ, ಕರೆಂಟಿನ ಕಾರಣಕ್ಕೆ. ಮಳೆಗಾಲದಲ್ಲಿ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದು ನಿಮಗೂ ಗೊತ್ತು. ಆಗ 1000 ವಾಟ್ ಹೀಟರ್ ಸುಮಾರು 610 ವಾಟ್ ಮಾತ್ರ ಕೆಲಸ ಮಾಡುತ್ತದೆ. ಪಂಪ್ ಮೆಷಿನ್ ಆದರೆ ಪಂಪಿನ ಒತ್ತಡವೂ ಕುಸಿದು ಕಾಫಿ ಕೆಡುತ್ತದೆ. ಲಿವರ್‌ನಲ್ಲಿ ಒತ್ತಡ ಕೊಡುವುದು ನಿಮ್ಮ ತೋಳು. ಕಾಯಲು ಒಂದಷ್ಟು ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಬಿಸಿಯಾದ ಮೇಲೆ ಕರೆಂಟು ಹೋದರೂ ಒಂದು ಕಪ್ ಇಳಿಸಿಕೊಳ್ಳಬಹುದು.

ಲಿವರ್‌ನಲ್ಲಿ ಸ್ಪ್ರಿಂಗ್ ಇರುವ ಜಾತಿ ಒಂದಿದೆ. ಹಿಡಿಯನ್ನು ಕೆಳಗೆ ಎಳೆದು ಬಿಟ್ಟರೆ ಸ್ಪ್ರಿಂಗೇ ಒತ್ತುತ್ತದೆ. 1940ರ ದಶಕದಲ್ಲಿ ಅಕಿಲೆ ಗಾಜ್ಜಾ ತಂದ ಈ ಏರ್ಪಾಡಿನಿಂದಲೇ ಎಸ್ಪ್ರೆಸೊ ಮೇಲೆ ದಪ್ಪ ಕೆನೆ ನಿಲ್ಲಲು ಶುರುವಾದದ್ದು. ಕಾಫಿ ಚೆನ್ನಾಗಿ ಬರುತ್ತದೆ. ಆದರೆ ಬುಟ್ಟಿಯಲ್ಲಿ ಪುಡಿ ಇಲ್ಲದೆ ಎಳೆದು ಬಿಟ್ಟರೆ ಹಿಡಿ ಚಿಮ್ಮಿ ಗದ್ದಕ್ಕೆ ಬಡಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ನೆನಪಿನಲ್ಲಿಡಿ.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ ವೋಲ್ಟೇಜ್. ಅಮೆರಿಕದಿಂದ ನೆಂಟರು ತಂದ ಮೆಷಿನ್ 120 ವೋಲ್ಟ್‌ನದು. ಅದನ್ನು ನಮ್ಮ 230 ವೋಲ್ಟ್‌ಗೆ ಹಾಕಿದರೆ 1000 ವಾಟ್ ಹೀಟರ್ 3600 ವಾಟ್‌ಗೂ ಮೇಲೆ ಎಳೆದು ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಆದರೆ 1500 ವಿಎ (ವೋಲ್ಟ್-ಆಂಪಿಯರ್) ಆದರೂ ಬೇಕು, ಅದು ಭಾರ, ಬಿಸಿಯಾಗುತ್ತದೆ, ಜಾಗ ತಿನ್ನುತ್ತದೆ. ಅದಕ್ಕಿಂತ 220 ವೋಲ್ಟ್‌ನ ಹೀಟರ್ ತರಿಸಿ ಬದಲಾಯಿಸುವುದು ಮೇಲು. ಯುರೋಪಿನ ಮೆಷಿನ್ ಆದರೆ ಈ ತಲೆನೋವಿಲ್ಲ. ಮೆಷಿನ್ ತಳದ ತಗಡಿನ ಮೇಲೆ ವೋಲ್ಟ್, ವಾಟ್ ಬರೆದಿರುತ್ತದೆ. ಅದರ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಆಮೇಲೆ ಫೋನಿನಲ್ಲಿ ಸುಮ್ನೆ ಹೀಗೆ ಕೇಳಿ: "ಸಾರ್, ಕೊನೇ ಸಲ ಯಾವಾಗ ಆನ್ ಮಾಡಿದ್ರಿ? ಎಲ್ಲಿಂದ ಸೋರುತ್ತೆ? ಒಳಗಿನ ಹೀಟರ್ ಕಾಣುವ ಹಾಗೆ ಬಾಯ್ಲರ್ ಮುಚ್ಚಳ ತೆಗೆದು ಒಂದು ಫೋಟೊ ಕಳಿಸ್ತೀರಾ?" "ಚೆನ್ನಾಗೇ ಇದೆ, ಆದ್ರೆ ಆನ್ ಮಾಡಿ ನೋಡಿಲ್ಲ" ಅಂದರೆ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಹೇಳಿ. "ಸ್ವಲ್ಪ ಸೋರುತ್ತೆ" ಅಂದರೆ ಹೆದರಬೇಡಿ. ಸೋರುವುದು ಬಹುತೇಕ ರಬ್ಬರ್ ವಾಶರ್‌ನ ಕೆಲಸ.

ಕೈಗೆ ಸಿಕ್ಕಾಗ ನೋಡಬೇಕಾದ್ದು ಬಾಯ್ಲರ್. ಹೊರಗಿನ ಕ್ರೋಮ್ ಮಂಕಾಗಿದ್ದರೆ ಪರವಾಗಿಲ್ಲ. ಬಾಯ್ಲರ್ ತಗ್ಗಾಗಿದ್ದರೆ, ಬೆಸುಗೆ ಹಾಕಿದ ಗುರುತಿದ್ದರೆ, ಬಿರುಕಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಅದರೊಳಗೆ ಒತ್ತಡದಲ್ಲಿ 115 ಡಿಗ್ರಿ ಮೇಲಿನ ನೀರು ಇರುತ್ತದೆ. ಟಾರ್ಚ್ ಬಿಟ್ಟು ಒಳಗೆ ನೋಡಿ. ಬಿಳಿ ಪದರ ಸುಣ್ಣ, ತೊಳೆದರೆ ಹೋಗುತ್ತದೆ. ಹಸಿರು ಕಿಲುಬು ತೆಳ್ಳಗಿದ್ದರೆ ಅದೂ ಹೋಗುತ್ತದೆ. ಹೀಟರ್ ಕಾಯಿಲ್ ಉಬ್ಬಿದ್ದರೆ ಅಥವಾ ಸೀಳಿದ್ದರೆ ನೀರಿಲ್ಲದೆ ಉರಿದಿದೆ ಅಂತ ಅರ್ಥ. ಹೊಸ ಹೀಟರಿನ ದುಡ್ಡು ಕಳೆದು ಚೌಕಾಸಿ ಮಾಡಿ.

ಲಾ ಪವೋನಿ ಆದರೆ ಜೇಬಿನಲ್ಲಿ ಒಂದು ಸ್ಕೇಲ್ ಇರಲಿ. ಬುಟ್ಟಿಯ ಅಳತೆ 49 ಮಿಲಿಮೀಟರ್ ಇದ್ದರೆ ಹಳೇ ಗ್ರೂಪ್ (ಪಿಸ್ಟನ್ ಇರುವ, ಕಾಫಿ ಇಳಿಯುವ ತಲೆಭಾಗ). 51 ಇದ್ದರೆ 2000ದ ಸುಮಾರಿಗೆ ಬದಲಾದ ಹೊಸ ಗ್ರೂಪ್. ಎರಡರ ವಾಶರ್‌ಗಳೂ ಬೇರೆ. ಇದು ಗೊತ್ತಿಲ್ಲದೆ ಕಿಟ್ ತರಿಸಿದರೆ ದುಡ್ಡು ದಂಡ.

ಹೊರದೇಶದಿಂದ ನೇರವಾಗಿ ತರಿಸುವ ಯೋಚನೆ ಇದ್ದರೆ ಮೊದಲು ಕಸ್ಟಮ್ಸ್ ವಿಚಾರಿಸಿ. ಬಳಸಿದ ಸಾಮಾನಿಗೆ ನಿಯಮ ಬೇರೆ. ಸುಂಕ, ಸಾಗಣೆ ಎಲ್ಲ ಸೇರಿ ಮೆಷಿನ್ ಬೆಲೆಗಿಂತ ಜಾಸ್ತಿ ಆಗಬಹುದು. ದೇಶದೊಳಗೇ ಸಿಗುವುದನ್ನು ಕಾದು ಕೊಳ್ಳುವುದು ಒಳ್ಳೆಯದು. ಮತ್ತೆ, ಕೈಯಲ್ಲಿರುವ ದುಡ್ಡನ್ನೆಲ್ಲ ಮೆಷಿನ್‌ಗೇ ಹಾಕಬೇಡಿ. ವಾಶರ್ ಕಿಟ್ ಮತ್ತು ಗ್ರೈಂಡರ್‌ಗೆ ಉಳಿಸಿಕೊಳ್ಳಿ.

ತಂದ ದಿನ ಪ್ಲಗ್ ಹಾಕಬೇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಎಷ್ಟು ಆಸೆ ಇದ್ದರೂ ಪರೀಕ್ಷೆ ಆಗುವ ತನಕ ಹಳೇ ಮೆಷಿನ್‌ನ ಪ್ಲಗ್ ಹಾಕಬಾರದು.

ಕಾರಣ ಹೀಟರಿನ ಒಳಗಿದೆ. ಹೊರಗಿನ ಲೋಹದ ಕೊಳವೆಗೂ ಒಳಗಿನ ತಂತಿಗೂ ಮಧ್ಯೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಆ ಪುಡಿ ಕರೆಂಟನ್ನು ತಡೆಯುತ್ತದೆ, ಆದರೆ ಗಾಳಿಯ ತೇವವನ್ನು ಹೀರುತ್ತದೆ. ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮೆಷಿನ್, ಅದರಲ್ಲೂ ನಮ್ಮ ಜೂನ್, ಜುಲೈ ಕಂಡ ಮೆಷಿನ್ ಆದರೆ ಕೇಳುವುದೇ ಬೇಡ. ಗೋಡೆಯೇ ಬೆವರುವ ಊರಿದು. ತೇವ ಹೀರಿದ ಹೀಟರಿನಿಂದ ಕರೆಂಟು ಮೆಷಿನ್‌ನ ಮೈಗೆ ಇಳಿಯುತ್ತದೆ. ಅರ್ತ್ ಸರಿ ಇದ್ದರೆ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಹೊಳೆಯುವ ಆ ಕ್ರೋಮ್ ಮುಟ್ಟಿದವರಿಗೆ ಶಾಕ್.

ಪರೀಕ್ಷೆ ಎರಡು. ಮೊದಲನೆಯದಕ್ಕೆ ಮಾಮೂಲಿ ಮಲ್ಟಿಮೀಟರ್ ಸಾಕು. ಹೀಟರಿನ ಎರಡು ವೈರ್ ಬಿಚ್ಚಿ ಅದರ ತುದಿಗಳ ನಡುವೆ ಅಳೆಯಿರಿ. 1000 ವಾಟ್, 230 ವೋಲ್ಟ್‌ನದಾದರೆ ಸುಮಾರು 53 ಓಮ್ ಬರಬೇಕು. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ. 14 ಓಮ್ ಹತ್ತಿರ ಬಂದರೆ ಅದು ಅಮೆರಿಕದ 120 ವೋಲ್ಟ್‌ನ ಹೀಟರ್ ಇರಬೇಕು. ಯಾರು ಏನೇ ಹೇಳಿ ಮಾರಿರಲಿ, ಹಾಕಬೇಡಿ.

ಎರಡನೆಯದು ಹೀಟರಿಗೂ ಮೆಷಿನ್ ಮೈಗೂ ನಡುವಿನ ತಡೆ. ಇದಕ್ಕೆ ಮಲ್ಟಿಮೀಟರ್ ಸಾಲದು, ಜಾಸ್ತಿ ವೋಲ್ಟ್ ಕೊಟ್ಟು ಕರೆಂಟು ಸೋರುತ್ತದಾ ಅಂತ ಅಳೆಯುವ ಮೆಗ್ಗರ್ ಬೇಕು. ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರದಂಥ ಊರುಗಳಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಮೆಗ್ಗರ್ ಇರುತ್ತದೆ. ಅವರ ಕೆಲಸವೇ ಇದು. 500 ವೋಲ್ಟ್‌ನಲ್ಲಿ ಒಂದು ಮೆಗಾ ಓಮ್‌ಗಿಂತ ಮೇಲಿರಬೇಕು. ಕಡಿಮೆ ಬಂದರೆ ಹೀಟರನ್ನು ತಕ್ಷಣ ಎಸೆಯಬೇಡಿ. ಬಿಚ್ಚಿ, ರಬ್ಬರ್ ವಾಶರ್ ಎಲ್ಲ ತೆಗೆದು, ಓವನ್‌ನಲ್ಲಿ 120 ಡಿಗ್ರಿ ಸುಮಾರಿಗೆ ಕೆಲವು ಗಂಟೆ ಒಣಗಿಸಿ ಮತ್ತೆ ಅಳೆಸಿ. ಬಹಳ ಸಲ ತೇವ ಹಾರಿ ಹೀಟರ್ ಉಳಿದುಕೊಳ್ಳುತ್ತದೆ. ತುದಿಯ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದೇ ಗತಿ.

ಇದರ ಜೊತೆಗೆ ವೈರ್. ಅರವತ್ತು, ಎಪ್ಪತ್ತರ ದಶಕದ ಮೆಷಿನ್‌ಗಳಲ್ಲಿ ಬಟ್ಟೆ ಸುತ್ತಿದ ಅಥವಾ ರಬ್ಬರ್ ವೈರ್ ಇರಬಹುದು. ಬಗ್ಗಿಸಿದರೆ ಉದುರುತ್ತದೆ. ಎಲ್ಲವನ್ನೂ ತೆಗೆದು ಶಾಖ ತಡೆಯುವ ಸಿಲಿಕೋನ್ ವೈರ್ ಹಾಕಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ವೈರ್, ಥರ್ಮೋಸ್ಟಾಟ್, ಸ್ವಿಚ್ ಎಲ್ಲ ಸಿಗುತ್ತವೆ. ಹಳೇ ವೈರಿನ ಬಣ್ಣ ನಂಬಬೇಡಿ. ಕೆಲವು ಹಳೇ ಯುರೋಪಿನ ಸಾಮಾನುಗಳಲ್ಲಿ ಕೆಂಪು ವೈರ್ ಅರ್ತ್ ಆಗಿರುತ್ತಿತ್ತು. ಅಲ್ಲಿನ ಗುಂಡು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಸಿಕ್ಕಿಸುವುದೂ ಬೇಡ. ಬಹಳಷ್ಟು ಅಡಾಪ್ಟರ್‌ಗಳಲ್ಲಿ ಅರ್ತ್ ಸೇರುವುದೇ ಇಲ್ಲ. ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿನದು ಹಾಕಿ, ಅರ್ತ್ ಪಿನ್‌ಗೂ ಮೆಷಿನ್ ಮೈಗೂ ನಡುವೆ ಅಳೆದು ನೋಡಿ. ಹತ್ತಿರ ಹತ್ತಿರ ಸೊನ್ನೆ ಬರಬೇಕು. ವೈರಿಂಗ್ ನಿಮಗೆ ಅಭ್ಯಾಸ ಇಲ್ಲದಿದ್ದರೆ ಈ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ತುಂಬಾ ಹಳೇ ಮೆಷಿನ್‌ಗಳ ಬಾಯ್ಲರ್ ಸುತ್ತ ಬೂದುಬಿಳಿ ನಾರಿನಂಥ ಹೊದಿಕೆ ಇದ್ದರೆ ಕಲ್ನಾರು ಇರಬಹುದು. ಕೆರೆಯಬೇಡಿ, ಊದಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಥ ಮೆಷಿನ್ ಕೊಳ್ಳದೇ ಇರುವುದು ಒಳ್ಳೆಯದು.

ಬಿಚ್ಚಿ ತೊಳೆದು ಜೋಡಿಸುವುದು

ಬಿಡುವಿರುವ ಒಂದು ಭಾನುವಾರ ಇದಕ್ಕೆ ಇಟ್ಟುಕೊಳ್ಳಿ. ಹಳೇ ಪಂಚೆ ಹಾಸಿ, ಪಕ್ಕದಲ್ಲಿ ಇಡ್ಲಿ ತಟ್ಟೆ ಇಡಿ. ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ ಹಾಕಿದರೆ ಕಲಸಿಹೋಗುವುದಿಲ್ಲ. ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ.

ಲಿವರ್‌ನ ಪಿನ್ ತೆಗೆದರೆ ಹಿಡಿ ಬಿಚ್ಚಿಕೊಳ್ಳುತ್ತದೆ. ಗ್ರೂಪಿನ ಬಾಯಿಯಲ್ಲಿ, ಪೋರ್ಟಾಫಿಲ್ಟರ್ (ಬುಟ್ಟಿಯನ್ನು ಹಿಡಿದುಕೊಳ್ಳುವ ಹಿಡಿಕೆಯ ಬಟ್ಟಲು) ಕೂರುವ ಜಾಗದಲ್ಲಿ, ಒಂದು ದಪ್ಪ ರಬ್ಬರ್ ಬಳೆ ಇರುತ್ತದೆ. ಬೆರಳಿಗೆ ಅದು ರಬ್ಬರ್ ಅಂತ ಗೊತ್ತೇ ಆಗುವುದಿಲ್ಲ. ಶಾಖ ತಿಂದು ತಿಂದು ಕರಟದ ಹಾಗೆ ಗಟ್ಟಿಯಾಗಿರುತ್ತದೆ. ಚಾಕು ಹಾಕಿ ಎಬ್ಬಬೇಡಿ, ಹಿತ್ತಾಳೆಗೆ ಗೀರು ಬೀಳುತ್ತದೆ. ಒಂದು ಸಣ್ಣ ಮರದ ಸ್ಕ್ರೂವನ್ನು ಆ ರಬ್ಬರಿಗೇ ನಿಧಾನಕ್ಕೆ ತಿರುಗಿಸಿ, ಕತ್ತರಿ ಇಕ್ಕಳದಿಂದ ಸ್ಕ್ರೂ ಹಿಡಿದು ಎಳೆಯಿರಿ. ಟಪ್ ಅಂತ ತುಂಡಾಗಿ ಬರುತ್ತದೆ. ಕೆಳಗೆ ಕಪ್ಪು ಪುಡಿ, ವರ್ಷಗಳ ಕಾಫಿ ಎಣ್ಣೆ ಅಂಟಿಕೊಂಡಿರುತ್ತದೆ. ಅದರ ವಾಸನೆ ನೋಡಿದರೆ ಬದಲಾಯಿಸದೆ ಕಾಫಿ ಕುಡಿಯಲು ಮನಸ್ಸಾಗದು. ಮರದ ಕಡ್ಡಿಯಿಂದ ಆ ಸಂದನ್ನು ಪೂರ್ತಿ ಕೆರೆದು ಚೊಕ್ಕ ಮಾಡಿ. ಸ್ವಲ್ಪ ಉಳಿದರೂ ಹೊಸ ರಬ್ಬರ್ ಸಮನಾಗಿ ಕೂರದೆ ಪಕ್ಕದಿಂದ ಸೋರುತ್ತದೆ.

ಪಿಸ್ಟನ್ ಮೇಲೆ ಎರಡು ರಬ್ಬರ್‌ಗಳಿವೆ. ತುಟಿಯಂಥ ಅಂಚಿರುವವು. ತೆಗೆಯುವ ಮುಂಚೆ ಯಾವುದರ ತುಟಿ ಯಾವ ಕಡೆಗಿತ್ತು ಅಂತ ಫೋಟೊದಲ್ಲಿ ಕಾಣಬೇಕು. ಲಾ ಪವೋನಿಯಲ್ಲಿ ಮೇಲಿನದ್ದು ಮೇಲಕ್ಕೆ, ಕೆಳಗಿನದ್ದು ಕೆಳಕ್ಕೆ ನೋಡುತ್ತದೆ. ತಿರುಗಾಮುರುಗಾ ಆದರೆ ಒತ್ತಡ ನಿಲ್ಲುವುದಿಲ್ಲ. ಹೊಸದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ಗಾಡಿಗೆ ಹಾಕುವ ಗ್ರೀಸ್ ಬೇಡ, ತೆಂಗಿನೆಣ್ಣೆಯೂ ಬೇಡ. ಎರಡೂ ಕಾಫಿಗೆ ಇಳಿಯುತ್ತವೆ.

ಹಬೆ ನಲ್ಲಿ, ನೀರಿನ ಮಟ್ಟ ತೋರಿಸುವ ಗಾಜು, ಬಾಯ್ಲರ್ ಮುಚ್ಚಳ, ಹೀಟರಿನ ತಳ, ಇವುಗಳ ವಾಶರ್ ಎಲ್ಲ ಒಂದೇ ಕಿಟ್‌ನಲ್ಲಿ ಬರುತ್ತವೆ. ಒಟ್ಟಿಗೇ ಬದಲಾಯಿಸಿ. ಒಂದನ್ನು ಬಿಟ್ಟರೆ ಅದೇ ಮೊದಲು ಸೋರುತ್ತದೆ.

ಸುಣ್ಣ ಬಿಡಿಸಲು ಸಿಟ್ರಿಕ್ ಆಸಿಡ್ ಸಾಕು. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 30 ಗ್ರಾಂ ಹಾಕಿ, ಅರ್ಧ ಗಂಟೆ ಬಿಟ್ಟು, ನಾಲ್ಕೈದು ಸಲ ತೊಳೆಯಿರಿ. ಗಾಜ್ಜಾ ಕ್ಲಾಸಿಕ್‌ನ ಹಳೇ ಬಾಯ್ಲರ್ ಅಲ್ಯೂಮಿನಿಯಂ. ಹುಳಿ ಅದನ್ನು ತಿನ್ನುತ್ತದೆ, ಆದ್ದರಿಂದ ಅರ್ಧ ಪ್ರಮಾಣ, ಹತ್ತು ನಿಮಿಷ ಸಾಕು. ಮನೆಯಲ್ಲಿ ಕಾಚಂಪುಳಿ (ನಮ್ಮ ಕಪ್ಪು ಹುಳಿರಸ) ಇದೆಯಲ್ಲಾ ಅಂತ ಅದನ್ನು ಹಾಕಬೇಡಿ. ಅದರ ಬಣ್ಣ, ವಾಸನೆ ಬಾಯ್ಲರ್‌ನಲ್ಲಿ ಉಳಿಯುತ್ತದೆ. ಅದು ಪಂದಿ ಕರಿಗೇ ಇರಲಿ. ಕ್ರೋಮ್ ಮೇಲೆ ಸ್ಟೀಲ್ ಸ್ಕ್ರಬ್ಬರ್ ಉಜ್ಜಬೇಡಿ, ಮೆತ್ತನೆ ಬಟ್ಟೆ, ಪಾತ್ರೆ ತೊಳೆಯುವ ಸೋಪು ಸಾಕು.

ಬೇಕಲೈಟ್ ಹಿಡಿ ಒಡೆದಿದ್ದರೆ ಬೇಸರ ಬೇಡ. ಲೇತ್ ಇರುವ ಬಡಗಿಯ ಹತ್ತಿರ ಹಲಸಿನ ಮರದಲ್ಲಿ ಮಾಡಿಸಿ. ಹೊಸ ಪ್ಲಾಸ್ಟಿಕ್ ಹಿಡಿಗಿಂತ ಎಷ್ಟೋ ಚೆನ್ನಾಗಿರುತ್ತದೆ, ಬಾಳಿಕೆಯೂ ಬರುತ್ತದೆ.

ಎಲ್ಲಿಡಬೇಕು, ಯಾವ ನೀರು ಹಾಕಬೇಕು

ಗೀಸರ್‌ಗೆ ಹಾಕುವಂಥ ದಪ್ಪ ಪಿನ್ನಿನ ಸಾಕೆಟ್ ಹತ್ತಿರ ಇಡಿ. 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಮನೆಯಾದರೆ ಮೆಷಿನ್‌ಗಿಂತ ಮುಂಚೆ ಅದನ್ನು ಹಾಕಿಸಿ. ಹಳೇ ಮನೆಗಳಲ್ಲಿ ಅರ್ತ್ ಗುಂಡಿ ಇದ್ದರೂ ಒಳಗಿನ ತಂತಿ ತುಕ್ಕು ಹಿಡಿದಿರುತ್ತದೆ, ಪರೀಕ್ಷೆ ಮಾಡಿಸಿ. ಮನೆಯ ಸಣ್ಣ ಇನ್ವರ್ಟರ್ ಈ ಹೀಟರನ್ನು ಎಳೆಯುವುದಿಲ್ಲ, ಆ ಲೈನ್‌ಗೆ ಕೊಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಟಿವಿಯ ಜೊತೆ ಇದರ ಪ್ಲಗ್ಗೂ ತೆಗೆದಿಡಿ.

ಕಲ್ಲಿನ ಕಟ್ಟೆ ಆದರೆ ಒಳ್ಳೆಯದು. ಲಿವರ್ ಒತ್ತುವಾಗ ಮೆಷಿನ್ ಮುಂದಕ್ಕೆ ವಾಲುತ್ತದೆ. ತೆಳು ಮೇಜು ಅಲ್ಲಾಡುತ್ತದೆ.

ನೀರಿನ ವಿಷಯಕ್ಕೆ ಬಂದರೆ ನಿಮ್ಮ ಕೆಟಲ್ ಅಥವಾ ಗೀಸರ್ ತಳ ನೋಡಿ. ಬಿಳಿ ಹೊಪ್ಪಳೆ ಕಟ್ಟಿದ್ದರೆ ಗಡಸು ನೀರು, ಬಾಯ್ಲರ್‌ನಲ್ಲೂ ಕಟ್ಟುತ್ತದೆ. ಕಂದು ಕಲೆ ಇದ್ದರೆ ಕಬ್ಬಿಣ, ಬೋರ್‌ವೆಲ್‌ನಲ್ಲಿ ಹೀಗಾಗುವುದುಂಟು. ಮಳೆ ಜೋರಿರುವ ಕಡೆಯ ತೆರೆದ ಬಾವಿ, ಒರತೆ ನೀರು ಸಾಮಾನ್ಯವಾಗಿ ಮೃದು. ಸೋಸಿ ಹಾಕಿದರೆ ಸಾಕು. ಆರ್‌ಓ ನೀರು ಒಂದನ್ನೇ ಹಾಕುವುದು ಸರಿಯಲ್ಲ. ಲವಣವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆ, ತಾಮ್ರ, ಹಿತ್ತಾಳೆಗೂ ಅದು ಒಳ್ಳೆಯದಲ್ಲ. ಬೋರ್‌ವೆಲ್ ಗಡಸಾಗಿದ್ದರೆ ಆರ್‌ಓ ಜೊತೆ ಬೆರೆಸಿ.

ಮೊದಲ ಸಲ ಬಿಸಿ ಮಾಡುವುದು

ಮೊದಲ ಸಲ ಅಡುಗೆಮನೆಯಲ್ಲಿ ಬೇಡ, ಜಗಲಿಯಲ್ಲಿ ಮಾಡಿ. ಮಕ್ಕಳು, ನಾಯಿ ದೂರ ಇರಲಿ. ಸೇಫ್ಟಿ ವಾಲ್ವ್‌ನ ಸ್ಪ್ರಿಂಗ್ ತಣ್ಣಗಿದ್ದಾಗಲೇ ಬೆರಳಿನಿಂದ ಒತ್ತಿ ನೋಡಿ, ಸಲೀಸಾಗಿ ಆಡಬೇಕು. ನೀರು ಗಾಜಿನ ಮುಕ್ಕಾಲು ಭಾಗದ ತನಕ ತುಂಬಿ. ಹೀಟರ್ ನೀರಿನಲ್ಲಿ ಮುಳುಗಿರಲೇಬೇಕು. ಪ್ರತಿ ಜೋಡಣೆಯ ಕೆಳಗೂ ಒಂದೊಂದು ಟಿಶ್ಯೂ ಪೇಪರ್ ಇಡಿ. ಸಣ್ಣ ಹನಿ ಬಿದ್ದರೂ ಎಲ್ಲಿಂದ ಅಂತ ಗೊತ್ತಾಗುತ್ತದೆ.

ಆನ್ ಮಾಡಿ ಹತ್ತು ಹದಿನೈದು ನಿಮಿಷಕ್ಕೆ ಒತ್ತಡ ಏರುತ್ತದೆ. ಅದನ್ನು ನಂಬಬೇಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಸುಳ್ಳು ಒತ್ತಡ ತೋರಿಸುತ್ತದೆ. ಹಬೆ ನಲ್ಲಿಯನ್ನು ಸ್ವಲ್ಪ ತೆರೆದು, ಬುಸ್ ಅಂತ ಗಾಳಿ ಹೋಗಿ ಒಣ ಹಬೆ ಬರುವ ತನಕ ಬಿಟ್ಟು ಮುಚ್ಚಿ. ಆಮೇಲೆ ಏರುವುದು ನಿಜವಾದ ಒತ್ತಡ. 0.8 ಬಾರ್ ಹತ್ತಿರ ಹೀಟರ್ ತಾನಾಗಿ ಆಫ್ ಆಗಬೇಕು. ಒತ್ತಡದ ಸ್ವಿಚ್ ಇಲ್ಲದ ತೀರಾ ಹಳೇ ಯೂರೋಪಿಕ್ಕೊಲಾದಲ್ಲಿ ಎರಡು ಹಂತದ ಸ್ವಿಚ್ ಮಾತ್ರ ಇರುತ್ತದೆ. ಜೋರಿನಲ್ಲಿ ಕಾಯಿಸಿ, ಹಬೆ ಬಂದ ಮೇಲೆ ಸಣ್ಣದಕ್ಕೆ ಇಳಿಸಬೇಕು. ಬಿಟ್ಟು ಎದ್ದು ಹೋಗುವ ಹಾಗಿಲ್ಲ.

ಮಡಿಕೇರಿಯವರಿಗೆ ಒಂದು ಮಾತು. ಅಲ್ಲಿನ ಎತ್ತರ ಸುಮಾರು 1,150 ಮೀಟರ್. ನೀರು 96 ಡಿಗ್ರಿಗೇ ಕುದಿಯುತ್ತದೆ. ಮೀಟರ್ 0.8 ಬಾರ್ ತೋರಿಸಿದಾಗ ಕರಾವಳಿಯಲ್ಲಿ 117 ಡಿಗ್ರಿ ಇದ್ದರೆ ಮಡಿಕೇರಿಯಲ್ಲಿ 115 ಇರುತ್ತದೆ. ಕಾಫಿ ಯಾವಾಗಲೂ ಹುಳಿಯಾಗಿ ಬರುತ್ತಿದ್ದರೆ ಒತ್ತಡದ ಸ್ವಿಚ್ಚನ್ನು 0.9ಕ್ಕೆ ಏರಿಸಿ ನೋಡಿ. ಅದಕ್ಕಿಂತ ಜಾಸ್ತಿ ಬೇಡ.

ಬಿಸಿ ಇರುವಾಗ ಬಾಯ್ಲರ್ ಮುಚ್ಚಳ ಯಾವತ್ತೂ ತೆಗೆಯಬೇಡಿ. ನೀರು ಮುಗಿದರೆ ಆಫ್ ಮಾಡಿ, ಹಬೆ ನಲ್ಲಿಯಿಂದ ಒತ್ತಡ ಪೂರ್ತಿ ಬಿಟ್ಟು, ಆಮೇಲಷ್ಟೇ ತೆಗೆಯಬೇಕು. ಮೊದಲೆರಡು ಬಾಯ್ಲರ್ ನೀರನ್ನು ಚೆಲ್ಲಿಬಿಡಿ.

ಬೀಜ, ಪುಡಿ, ಒತ್ತುವುದು

ಅಂಗಡಿಯ ಫಿಲ್ಟರ್ ಕಾಫಿ ಪುಡಿ ಇದಕ್ಕೆ ಆಗುವುದಿಲ್ಲ. ಪುಡಿ ದಪ್ಪ, ನೀರು ಸರ್ರನೆ ಇಳಿದುಹೋಗುತ್ತದೆ. ಚಿಕೋರಿ ಇದ್ದರೆ ಅದು ನೀರಿಗೆ ಅಂಟಾಗಿ ಜಾಲರಿಯ ತೂತುಗಳಲ್ಲಿ ಕೂರುತ್ತದೆ. ಮಿಕ್ಸಿಯಲ್ಲಿ ಪುಡಿ ಮಾಡಿದರೆ ಅರ್ಧ ಹಿಟ್ಟು, ಅರ್ಧ ರವೆ. ಎಸ್ಪ್ರೆಸೊಗೆ ತಕ್ಕಷ್ಟು ನುಣ್ಣಗೆ, ಸಣ್ಣ ಸಣ್ಣ ಹಂತದಲ್ಲಿ ಹೊಂದಿಸಬಹುದಾದ ಬರ್ ಗ್ರೈಂಡರ್ (ಬ್ಲೇಡ್ ಬದಲು ಹಲ್ಲಿನ ಚಕ್ರಗಳ ನಡುವೆ ಅರೆಯುವಂಥದ್ದು) ಬೇಕೇ ಬೇಕು. ಕೈಯಲ್ಲಿ ತಿರುಗಿಸುವ ಒಳ್ಳೆ ಗ್ರೈಂಡರ್ ಆದರೂ ಸಾಕು. ಕರೆಂಟಿಲ್ಲದಾಗಲೂ ನಡೆಯುತ್ತದೆ. ಮೆಷಿನ್ ಮತ್ತು ಗ್ರೈಂಡರ್ ನಡುವೆ ದುಡ್ಡು ಹಂಚುವಾಗ ಗ್ರೈಂಡರ್ ಕಡೆ ವಾಲಿ ಅಂತ ನಾನು ಹೇಳುತ್ತೇನೆ.

ಬೀಜಕ್ಕೆ ನಾವು ಎಲ್ಲೂ ಹೋಗಬೇಕಾಗಿಲ್ಲ, ಅಲ್ವಾ? 2019ರಲ್ಲಿ ಕೊಡಗಿನ ಅರೇಬಿಕಾಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಸ್ವಂತ ತೋಟದ್ದಾದರೆ ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟ್ ಇಟ್ಟುಕೊಳ್ಳಿ, ಬೇಕಾದಷ್ಟೇ ಸಿಪ್ಪೆ ಬಿಡಿಸಿ ಹುರಿಸಿ. ನನಗೆ ಹಿಡಿಸುವುದು ಅರೇಬಿಕಾ ಮುಕ್ಕಾಲು, ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್ ಕಾಲು. ರೋಬಸ್ಟಾದಿಂದ ಕೆನೆ ದಪ್ಪ ನಿಲ್ಲುತ್ತದೆ, ಹಾಲು ಹಾಕಿದರೂ ಕಾಫಿ ಮುಳುಗುವುದಿಲ್ಲ. ರೋಬಸ್ಟಾ ಚೆರ್ರಿಯನ್ನೇ ಹಾಕಿದರೆ ಒರಟು ಬರುತ್ತದೆ. ಹುರಿದ ದಿನವೇ ಬಳಸಬೇಡಿ. ಬೀಜದೊಳಗಿನ ಗಾಳಿ ಹೋಗಲು ಒಂದು ವಾರ ಬಿಡಿ.

49 ಮಿಲಿಮೀಟರಿನ ದೊಡ್ಡ ಬುಟ್ಟಿಗೆ 14 ಗ್ರಾಂ ಪುಡಿ. ತೂಕ ಮಾಡಿ, ಚಮಚದ ಲೆಕ್ಕ ಬೇಡ. ಸಮ ಮಾಡಿ, ಟ್ಯಾಂಪರ್ ನೇರ ಒತ್ತಿ. ಪೋರ್ಟಾಫಿಲ್ಟರ್ ಸಿಕ್ಕಿಸಿ ಹಿಡಿಯನ್ನು ಮೇಲಕ್ಕೆ ಎತ್ತಿ, ಹಾಗೇ ಹಿಡಿದುಕೊಳ್ಳಿ. ನೀರು ಪುಡಿಯನ್ನು ನೆನೆಸುತ್ತದೆ. ಎಂಟು ಹತ್ತು ಸೆಕೆಂಡಿಗೆ ಮೊದಲ ಹನಿ ಕಂಡಾಗ ಒತ್ತಲು ಶುರು ಮಾಡಿ. ಒಂದು ಕೈ ಪೋರ್ಟಾಫಿಲ್ಟರ್ ಮೇಲೆ, ಇನ್ನೊಂದು ಲಿವರ್ ಮೇಲೆ. ಜರ್ಕ್ ಕೊಡದೆ ಒಂದೇ ಸಮ ಒತ್ತಿ. 25ರಿಂದ 30 ಸೆಕೆಂಡಿಗೆ ಕಪ್ಪಿನಲ್ಲಿ 28 ಗ್ರಾಂ ಸುಮಾರಿಗೆ ಬಂದರೆ ಸರಿ. ಹಿಡಿ ಬೆಣ್ಣೆಯಂತೆ ಇಳಿದುಹೋದರೆ ಪುಡಿ ಇನ್ನೂ ನುಣ್ಣಗೆ ಬೇಕು. ಮೈಭಾರ ಹಾಕಿದರೂ ಇಳಿಯದಿದ್ದರೆ ಜಗ್ಗಾಡಬೇಡಿ. ನಿಲ್ಲಿಸಿ, ಒತ್ತಡ ತಾನಾಗಿ ಇಳಿಯುವ ತನಕ ಬಿಡಿ. ಆ ಸ್ಥಿತಿಯಲ್ಲಿ ಪೋರ್ಟಾಫಿಲ್ಟರ್ ಬಿಚ್ಚಿದರೆ ಬಿಸಿ ಗಷ್ಟು ಮುಖಕ್ಕೆ ಸಿಡಿಯುತ್ತದೆ.

ಹುಳಿ ಜಾಸ್ತಿ ಇದ್ದರೆ ಗ್ರೂಪ್ ಇನ್ನೂ ತಣ್ಣಗಿದೆ, ಖಾಲಿ ನೀರು ಒಂದು ಸಲ ಬಿಟ್ಟು ಬಿಸಿ ಮಾಡಿ. ಕಹಿ ಹೊಡೆದರೆ ಗ್ರೂಪ್ ಕಾದುಹೋಗಿದೆ. ಯೂರೋಪಿಕ್ಕೊಲಾದಲ್ಲಿ ಮೂರು ನಾಲ್ಕು ಕಪ್ ಸತತ ಇಳಿಸಿದರೆ ಹೀಗಾಗುತ್ತದೆ. ಒದ್ದೆ ಬಟ್ಟೆ ಸುತ್ತಿ ಆರಿಸಿ. ಮನೆತುಂಬ ನೆಂಟರು ಬಂದ ದಿನ ಈ ಮೆಷಿನ್ ಸಾಲದು. ಅವತ್ತು ಫಿಲ್ಟರ್ ಡಿಕಾಕ್ಷನ್ನೇ ಹಾಕಿ.

ದಿನದ ಕೆಲಸ, ಮಳೆಗಾಲದ ಕೆಲಸ

ಪ್ರತಿದಿನ ಜಾಲರಿ ಒರೆಸಿ, ಹಬೆ ಕೊಳವೆಯಿಂದ ಹಾಲು ತೆಗೆದು ಒಮ್ಮೆ ಹಬೆ ಬಿಡಿ. ಗ್ರೂಪಿಗೆ ಕುರುಡು (ತೂತಿಲ್ಲದ) ಬುಟ್ಟಿ ಹಾಕಿ ಸೋಪು ನೀರು ಹಿಮ್ಮುಖ ನೂಕುವ ಪದ್ಧತಿ ಉಳಿದ ಒತ್ತಡವನ್ನು ಹೊರಬಿಡುವ ಮೂರು ದಾರಿಯ ವಾಲ್ವ್ ಇರುವ ಗಾಜ್ಜಾ, ಸಿಲ್ವಿಯಾಗಳಿಗೆ ಮಾತ್ರ. ಲಿವರ್ ಮೆಷಿನ್‌ಗೆ ಅದು ಬೇಡ. ಅದಕ್ಕೆ ಆಗಾಗ ಪಿಸ್ಟನ್ ಬಿಚ್ಚಿ ತೊಳೆದು ಗ್ರೀಸ್ ಸವರಿದರೆ ಆಯಿತು. ಹಿಡಿ ಇಳಿಸುವಾಗ ಕಿರ್ ಅಂದರೆ ಹೊತ್ತಾಗಿದೆ ಅಂತ ತಿಳಿಯಿರಿ.

ಮಳೆಗಾಲದಲ್ಲಿ ಬೀಜ ತೇವ ಎಳೆದುಕೊಳ್ಳುತ್ತದೆ. ನಿನ್ನೆ ಸರಿ ಇದ್ದ ಗ್ರೈಂಡರ್ ಅಳತೆ ಇವತ್ತು ಸರಿಯಿರುವುದಿಲ್ಲ. ಸಣ್ಣ ಡಬ್ಬಿಗಳಲ್ಲಿ ಗಾಳಿಯಾಡದಂತೆ ಇಟ್ಟು, ಒಂದೊಂದೇ ತೆಗೆಯಿರಿ. ಪುಡಿಯನ್ನು ಮೊದಲೇ ಮಾಡಿಡಬೇಡಿ. ಮೆಷಿನ್ ದಿನಾ ಬಿಸಿಯಾಗುತ್ತಿದ್ದರೆ ಹೀಟರಿಗೆ ತೇವದ ಭಯ ಇಲ್ಲ, ಹಾಗಾಗಿ ಮಳೆಗಾಲದಲ್ಲೇ ಇದನ್ನು ಜಾಸ್ತಿ ಬಳಸಬೇಕು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವುದಾದರೆ ಬಾಯ್ಲರ್ ನೀರು ಪೂರ್ತಿ ಬಸಿದು, ಮುಚ್ಚಳ ತೆರೆದು ಒಳಗೆ ಒಣಗಿಸಿ, ಪೋರ್ಟಾಫಿಲ್ಟರ್ ಗ್ರೂಪಿನಿಂದ ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ ರಬ್ಬರ್ ಒತ್ತಿಕೊಂಡು ಬೂಷ್ಟು ಹಿಡಿಯುತ್ತದೆ. ಮತ್ತೆ ಶುರು ಮಾಡುವಾಗ ಆರ್‌ಸಿಸಿಬಿ ಟ್ರಿಪ್ ಆದರೆ ಮತ್ತೆ ಮತ್ತೆ ಆನ್ ಮಾಡುತ್ತಾ ಕೂರಬೇಡಿ. ಹೀಟರ್ ಬಿಚ್ಚಿ ಒಣಗಿಸಿ, ಮೆಗ್ಗರ್ ಪರೀಕ್ಷೆ ಮಾಡಿಸಿದ ಮೇಲೆ ಪ್ಲಗ್ ಹಾಕಿ.